ಸೌನಾಕ್ಕೆ ಹೋಗುವ ದಾರಿಯಲ್ಲಿ ಕೇಳಿಸಿದ ಸದ್ದು

ಹ್ಯಾನ್ಕಾಕ್, ಮಿಷಿಗನ್
ಅಕ್ಟೋಬರ್ ೧೪, ಭಾನುವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೆ? ಹಡಗಿನ ಅಡುಗೆಮನೆಯ ಆ ಕಬ್ಬಿಣದ ನೆಲದ ಮೇಲೆ ದಿನವಿಡೀ ನಿಂತಿರಬೇಡ, ಆಲೂಗೆಡ್ಡೆ ಸುಲಿಯುವಾಗಲಾದರೂ ಕೂತುಕೋ. ಸರೋವರದ ಮೇಲೆ ಗಾಳಿ ಜೋರೆಂದು ರೇಡಿಯೊದಲ್ಲಿ ಹೇಳುತ್ತಿದ್ದರು. ನಿನ್ನ ಸೂಪಿನ ಪಾತ್ರೆಯ ಗತಿ ಏನಾಯಿತೋ ಎಂದು ಯೋಚಿಸಿದೆ. ನಾನು ಚೆನ್ನಾಗಿದ್ದೇನೆ. ನಿನ್ನ ಸಮಾಧಾನಕ್ಕೆ ಬರೆದ ಮಾತಲ್ಲ, ನಿಜವಾಗಿಯೂ ಚೆನ್ನಾಗಿದ್ದೇನೆ. ಕೆನ್ನೆ ತುಂಬಿಕೊಂಡಿದೆ, ಹಳೆಯ ಕೋಟಿನ ಗುಂಡಿ ಹಾಕಲು ಆಗುತ್ತಿಲ್ಲ. ಫೋನ್ ಮಾಡಬಹುದಿತ್ತು, ಆದರೆ ನೀನು ಸ್ಪೀಕರ್ ಹಾಕಿಕೊಂಡು ಈರುಳ್ಳಿ ಹೆಚ್ಚುತ್ತಾ ಮಾತಾಡುವವನು, ಇಡೀ ಹಡಗು ನಮ್ಮ ಸಂಸಾರದ ಸುದ್ದಿ ಕೇಳಿಸಿಕೊಳ್ಳುತ್ತದೆ. ಇದು ನಿನಗೊಬ್ಬನಿಗೇ. ಡೆಟ್ರಾಯಿಟ್ ನದಿಯಲ್ಲಿ ಅಂಚೆ ದೋಣಿ ಬಂದಾಗ ಕೈಸೇರುತ್ತದೆ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಓದು.

ಎಸ್ಕೊನ ಬಗ್ಗೆ ಬೇಸಿಗೆಯಲ್ಲಿ ಒಂದೆರಡು ಸಾಲು ಬರೆದಿದ್ದೆ. ನಮ್ಮ ಶಾಲಾ ಬಸ್ಸುಗಳ ಗ್ಯಾರೇಜಿನ ಮೆಕ್ಯಾನಿಕ್. ಬೆಳಿಗ್ಗೆ ನಾನು ಬಸ್ಸು ತೆಗೆಯುವ ಮೊದಲು ನನಗೊಂದು ಲೋಟ ಕಾಫಿ ಇಟ್ಟಿರುತ್ತಾನೆ. ಕಡಿಮೆ ಮಾತಿನವನು, ಆದರೆ ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳಬಲ್ಲವನು. ನಾವಿಬ್ಬರೂ ಬೇಸಿಗೆಯಿಂದ ಜೊತೆಯಾಗಿ ಓಡಾಡುತ್ತಿದ್ದೇವೆ ಅಪ್ಪಾ. ಹಾಕಿ ಆಟಕ್ಕೆ ಹೋಗಿದ್ದೇವೆ, ಬಂದರಿನಲ್ಲಿ ಮೀನು ತಿಂದಿದ್ದೇವೆ, ಮುತ್ತು ಕೊಟ್ಟುಕೊಂಡಿದ್ದೇವೆ (ನೀನು ಇದನ್ನು ಓದುತ್ತಾ ಮುಖ ಕಿವುಚುತ್ತಿದ್ದೀಯೆಂದು ಗೊತ್ತು). ಆದರೆ ಅವನ ಕೈ ನನ್ನ ಸೊಂಟದ ಬಲಕ್ಕೆ ಬಂದಾಗಲೆಲ್ಲ ನಾನು ಮೆಲ್ಲಗೆ ಸರಿದುಕೊಳ್ಳುತ್ತಿದ್ದೆ. ಹೊಟ್ಟೆಯ ಮೇಲೆ ಒಂದು ತೂತಿದೆ, ಕರುಳಿನ ತುದಿಯನ್ನು ಅಲ್ಲಿಗೆ ತಂದು ಹೊಲಿದಿದ್ದಾರೆ, ಅದರ ಮೇಲೊಂದು ಚೀಲ ಅಂಟಿಕೊಂಡಿದೆ ಎಂದು ಹೇಳುವುದು ಹೇಗೆ? ಹೋದ ವರ್ಷ ಒಬ್ಬನಿಗೆ ಹೇಳಿದ್ದೆನಲ್ಲ. ‘ಅಯ್ಯೋ, ಅದೇನು ದೊಡ್ಡ ವಿಷಯ’ ಎಂದು ನಕ್ಕವನು ಮಾರನೆಯ ದಿನದಿಂದ ಫೋನೇ ಎತ್ತಲಿಲ್ಲ. ಆಪರೇಷನ್ ಆದ ಮೇಲೆ ನಾನು ಹೊಟ್ಟೆಯ ಆ ಕೆಂಪು ಬಾಯನ್ನು ನೋಡಲಾರದೆ ಗೋಡೆಗೆ ತಿರುಗಿ ಮಲಗಿದ್ದಾಗ ನೀನು ಬಗ್ಗಿ ನೋಡಿ, ‘ನಮ್ಮ ಕ್ಯಾಪ್ಟನ್ ಮೂಗಿಗೂ ಇದೇ ಬಣ್ಣ ಕಣೇ’ ಅಂದೆ. ಹೊಲಿಗೆ ನೋಯುವಷ್ಟು ನಕ್ಕಿದ್ದೆ. ಅಂದಿನಿಂದ ಅದು ಕ್ಯಾಪ್ಟನ್ ಆಯಿತು. ಎಲ್ಲರಿಂದಲೂ ಅಂಥ ಮಾತು ಬಯಸುವುದು ತಪ್ಪೇನೋ.

ಹೋದ ವಾರ ಶನಿವಾರ ಎಸ್ಕೊ ತನ್ನ ಅಮ್ಮನ ಮನೆಗೆ ಕರೆದ. ಊರಾಚೆ, ಸರೋವರದ ದಂಡೆಯಲ್ಲಿ. ‘ಅಮ್ಮ ಸೌನಾ ಕಾಯಿಸ್ತಾಳೆ, ಏಲಕ್ಕಿ ಬ್ರೆಡ್ಡು ಮಾಡ್ತಾಳೆ, ಬರಲ್ಲ ಅಂದ್ರೆ ಸುಮ್ನಿರಲ್ಲ’ ಅಂದ. ಸೌನಾದ ಹಬೆಕೋಣೆಯಲ್ಲಿ ಮೈಮೇಲೆ ಬಟ್ಟೆಯಿರುವುದಿಲ್ಲವಲ್ಲ, ಮೊದಲು ಹೆಂಗಸರು, ಆಮೇಲೆ ಗಂಡಸರು. ಅಂದರೆ ಎಸ್ಕೊ ನೋಡುವ ಮೊದಲು ಅವನ ಅಮ್ಮ ನೋಡುತ್ತಾರೆ. ನೆಗಡಿ ಎನ್ನೋಣವೆಂದುಕೊಂಡೆ. ಆಮೇಲೆ, ಎಷ್ಟು ದಿನ ನೆಗಡಿ ಎನ್ನಲಿ ಅನ್ನಿಸಿತು. ದಾರಿಯಲ್ಲೇ ಹೇಳಿಬಿಡಬೇಕೆಂದು ಅವನ ಟ್ರಕ್ಕು ಹತ್ತಿದೆ. ಸೇತುವೆ ದಾಟಿತು, ಚರ್ಚು ದಾಟಿತು, ಬಾಯಿ ಬರಲಿಲ್ಲ.

ನಾನು ಹೇಳದಿದ್ದರೆ ಕ್ಯಾಪ್ಟನ್ ಬಿಡುತ್ತಾನೆಯೆ? ಗುರ್ ಗುರ್ ಎಂದು ದೊಡ್ಡದಾಗಿ ಗಾಳಿ ಬಿಟ್ಟ. ಎಸ್ಕೊ ರೇಡಿಯೊ ಆರಿಸಿ ಕಿವಿಗೊಟ್ಟ. ಇನ್ನೊಮ್ಮೆ ಬಂತು. ‘ಬೆಲ್ಟ್ ಹೋಗ್ತಿದೆ ಅನ್ಸುತ್ತೆ’ ಎಂದು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಇಳಿದು ಬಾನೆಟ್ ಎತ್ತಿದ. ಅಪ್ಪಾ, ನನಗೆ ನಗು ತಡೆಯಲಾಗಲಿಲ್ಲ. ನಗುತ್ತಾ ಇಳಿದೆ, ನಗುತ್ತಲೇ ಅಳು ಬಂತು. ‘ನಿನ್ನ ಗಾಡಿಗೇನೂ ಆಗಿಲ್ಲ ಎಸ್ಕೊ, ಆ ಸದ್ದು ನಂದು’ ಅಂದೆ. ಬಾನೆಟ್ಟಿನ ಮುಂದೆ ನಿಂತೇ ಎಲ್ಲ ಹೇಳಿದೆ. ಕ್ರೋನ್ಸ್ ಕಾಯಿಲೆ, ಕರುಳು ಹುಣ್ಣಾಗಿ ಬಸ್ಸು ಓಡಿಸುವುದಿರಲಿ ಮನೆಯ ಬಾಗಿಲು ದಾಟಲೂ ಆಗದಿದ್ದದ್ದು, ಆಪರೇಷನ್ನು, ಚೀಲ. ಅವನು ಮಸಿಯೇ ಇಲ್ಲದ ಕೈಯನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದ. ‘ನೋಯುತ್ತಾ?’ ಅಂದ. ಇಲ್ಲ ಅಂದೆ. ‘ವಾಪಸ್ ಒಳಗೆ ಹಾಕ್ತಾರಾ?’ ‘ಇಲ್ಲ, ಇದು ಕಡೇ ತನಕ. ಕಾಯಿಲೆನೂ ಹೋಗಿಲ್ಲ. ಇಂಜೆಕ್ಷನ್‌ನಲ್ಲಿ ಮಲಗಿಸಿದಾರೆ ಅಷ್ಟೇ. ಯಾವತ್ತಾದ್ರೂ ಏಳಬಹುದು. ಕೆಲವು ದಿನ ಹಾಸಿಗೆ ಬಿಟ್ಟು ಏಳೋಕೂ ಆಗಲ್ಲ.’

ಅವನು ಬಾನೆಟ್ ಮುಚ್ಚಿದ. ‘ಪರವಾಗಿಲ್ಲ ಅಂತ ಬಾಯ್ಮಾತಿಗೆ ಹೇಳಬಹುದು. ಆದ್ರೆ ನಂಗೆ ಭಯ ಆಗ್ತಿದೆ ಸೈಮಾ. ಚೀಲಕ್ಕಲ್ಲ. ಮತ್ತೆ ಏಳಬಹುದು ಅಂದ್ಯಲ್ಲ, ಅದಕ್ಕೆ. ನಮ್ಮಪ್ಪ ನರಳಿದ್ದು ನೋಡಿದೀನಿ ನಾನು’ ಅಂದ. ಮನೆಗೆ ವಾಪಸ್ ಬಿಡು ಅಂದೆ. ‘ಅಮ್ಮ ಕಾಯ್ತಿರ್ತಾಳೆ’ ಎಂದು ಗಾಡಿ ಎತ್ತಿದವನು ಆರಿಸಿದ್ದ ರೇಡಿಯೊ ಮತ್ತೆ ಹಾಕಿದ. ಮುಗಿಯಿತು ಅಂದುಕೊಂಡೆ.

ಅವನಮ್ಮ ಇರ್ಯಾ ಗಿಡ್ಡಗೆ, ಗಟ್ಟಿಯಾಗಿ, ಬಾಯಿಯೂ ಗಟ್ಟಿ. ಕೈ ಕುಲುಕುವ ಮೊದಲೇ ‘ಸೌನಾ ಕಲ್ಲು ಕಾದಿದೆ, ನಡಿ ನಡಿ’ ಎಂದು ಎಳೆದುಕೊಂಡು ಹೋದರು. ಹೇಗೂ ಮುಗಿದಿದೆ, ಇನ್ನೇನು ಹೋಗುವುದಿದೆ ಎಂದು ನಾನೂ ಹೋದೆ. ಟವೆಲ್ ಸುತ್ತಿಕೊಂಡು ಒಳಗೆ ಬಂದರೆ, ‘ಟವೆಲ್ ಕಟ್ಕೊಂಡು ಸೌನಾಕ್ಕೆ ಬರೋರು ಶಿಕಾಗೊ ನೆಂಟರು’ ಅಂದರು. ತೆಗೆದೆ. ಅವರು ನೋಡಿದರು. ಕಣ್ಣು ತಪ್ಪಿಸಲಿಲ್ಲ, ಅಯ್ಯೋ ಪಾಪ ಅನ್ನಲಿಲ್ಲ. ‘ಬಿಸಿಗೆ ಅಂಟು ಬಿಡಲ್ವಾ?’ ಎಂದು ಕೇಳಿದರು. ಒಮ್ಮೊಮ್ಮೆ ಬಿಡುತ್ತದೆ ಅಂದೆ. ‘ಹಾಗಾದ್ರೆ ಕೆಳಗಿನ ಹಲಗೆ ಮೇಲೆ ಕೂತ್ಕೋ, ಮೇಲೆ ಬೆಂಕಿ’ ಎಂದು ತಾವೂ ನನ್ನ ಪಕ್ಕದಲ್ಲೇ ಕೆಳಗೆ ಕೂತರು. ಕಲ್ಲಿನ ಮೇಲೆ ಒಂದು ಸೌಟು ನೀರು ಎರಚಿದರು. ಹಬೆ ಬೆನ್ನಿಗೆ ಬಡಿಯಿತು. ಆಪರೇಷನ್ ಆದಾಗಿನಿಂದ ನಾನು ಸೌನಾದ ಹೊಸ್ತಿಲು ತುಳಿದಿರಲಿಲ್ಲ ಅಪ್ಪಾ. ಆ ದೇವದಾರು ಹಲಗೆಯ ವಾಸನೆಗೇ ಕಣ್ಣು ತುಂಬಿತು. ಇರ್ಯಾ ಇನ್ನೊಂದು ಸೌಟು ನೀರು ಎರಚಿ, ‘ನೀನು ಕೂತಿರೋ ಹಲಗೆ ಮೇಲೇ ನನ್ನತ್ತೆ ನನ್ನ ಗಂಡನ್ನ ಹೆತ್ತಿದ್ದು. ಅತ್ತೆ ಹೋದಾಗ ನಾನು ಅವಳಿಗೆ ಸ್ನಾನ ಮಾಡಿಸಿದ್ದೂ ಇಲ್ಲೇ. ಈ ಕೋಣೆ ನೋಡದೇ ಇರೋ ಮೈ ಇಲ್ಲ ಕಣೇ ಹುಡುಗಿ’ ಅಂದರು. ಅಷ್ಟೇ. ಆಮೇಲೆ ಬ್ರೆಡ್ಡಿನ ಹಿಟ್ಟು ಉಬ್ಬದ್ದಕ್ಕೆ ಯೀಸ್ಟಿನ ಅಂಗಡಿಯವನನ್ನು ಬೈಯತೊಡಗಿದರು.

ಚೀಲ ಬದಲಿಸಿ ಹೊರಗೆ ಬಂದಾಗ ಎಸ್ಕೊ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದ. ತನ್ನ ಸರದಿ ಬಂದರೂ ಒಳಗೆ ಹೋಗಲಿಲ್ಲ. ‘ಅವತ್ತು ಹಾಕಿ ಆಟದಲ್ಲಿ ಪಾಪ್‌ಕಾರ್ನ್ ಮುಟ್ಟಲಿಲ್ಲ ನೀನು. ಅದಕ್ಕೇನಾ?’ ಅಂದ. ಹೌದು, ಕರುಳು ಕಟ್ಟಿಕೊಳ್ಳುತ್ತದೆ ಅಂದೆ. ‘ನಾನು ಸಣ್ಣ ಡಬ್ಬ ತಂದೆ ಅಂತ ಕೋಪ ಅಂದ್ಕೊಂಡಿದ್ನಲ್ಲೇ!’ ಅಂದ. ನಾನು ನಗಲಾರದೆ ನಕ್ಕೆ. ಆಮೇಲೆ ಅವನು ನೀರಿನ ಕಡೆ ನೋಡುತ್ತಾ, ‘ಭಯ ಹೋಗಿಲ್ಲ. ಹೋಗುತ್ತೆ ಅಂತಾನೂ ಅನ್ಸಲ್ಲ. ಆದ್ರೆ ನೀನಿಲ್ದೇ ಆರಾಮಾಗಿರೋದಕ್ಕಿಂತ ನಿನ್ ಜೊತೆ ಭಯಪಟ್ಕೊಂಡಿರೋದೇ ವಾಸಿ’ ಅಂದ. ಇಷ್ಟು ಉದ್ದದ ಮಾತು ಅವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ನಾನು ಅವನ ಬಲಗೈ ಹಿಡಿದು ಚೀಲದ ಮೇಲೆ, ಅಂಗಿಯ ಹೊರಗಿನಿಂದಲೇ, ಇಟ್ಟೆ. ಬೆಚ್ಚಗಿದೆ ಅಂದ. ಅಷ್ಟರಲ್ಲಿ ಇರ್ಯಾ ಒಳಗಿನಿಂದ ‘ಕಲ್ಲು ಆರ್ತಿದೆ, ಪ್ರೇಮ ಆಮೇಲೆ ಮಾಡ್ಕೊಳ್ಳಿ’ ಎಂದು ಕೂಗಿದರು.

ಈ ವಾರವೆಲ್ಲ ಬಸ್ಸು ಓಡಿಸುತ್ತಾ ನಾನು ಯಾರಿಗೋ ಕೃತಜ್ಞತೆ ಹೇಳುತ್ತಲೇ ಇದ್ದೇನೆ. ಕುಯ್ದ ಡಾಕ್ಟರಿಗೆ, ಆ ಮುದುಕಿಗೆ, ಹೊತ್ತು ಗೊತ್ತಿಲ್ಲದೆ ಗುರುಗುಟ್ಟುವ ಕ್ಯಾಪ್ಟನ್‌ಗೂ. ಎಲ್ಲಕ್ಕಿಂತ ಹೆಚ್ಚು ನಿನಗೆ. ಪಕ್ಕದ ಮನೆಯ ಸುಲೊ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಬೆಚ್ಚಗಿರು, ಡೆಕ್ಕಿನ ಮೇಲೆ ಟೋಪಿ ಮರೆಯಬೇಡ. ಸರೋವರ ನಿನ್ನನ್ನು ಸುಖವಾಗಿ ದಡ ಸೇರಿಸಲಿ.

ನಿನ್ನ ಮಗಳು,
ಸೈಮಾ

ಮರೆತಿದ್ದೆ: ಜನವರಿಯಲ್ಲಿ ಮತ್ತೆ ಕರುಳಿನ ಪರೀಕ್ಷೆ ಇದೆ, ಎಸ್ಕೊ ಕರೆದುಕೊಂಡು ಹೋಗುತ್ತಾನೆ, ರಜೆ ಕೇಳಿಯೂ ಆಗಿದೆ. ಚಳಿಗಾಲಕ್ಕೆ ಹಡಗು ನಿಂತ ಕೂಡಲೇ ನೀನು ಫ್ಲೋರಿಡಾಕ್ಕೆ ಹೊರಡು. ಊರ್ಹೊ ದೊಡ್ಡಪ್ಪ ಪ್ರತಿ ಚಳಿಗಾಲವೂ ಕರೆಯುತ್ತಾರೆ, ನೀನು ‘ಮನೆ ಚಾವಣಿ ರಿಪೇರಿ ಇದೆ’ ಅನ್ನುತ್ತೀಯ. ನಮ್ಮ ಚಾವಣಿ ಎಲ್ಲೂ ಸೋರುತ್ತಿಲ್ಲವೆಂದು ನನಗೆ ಗೊತ್ತು ಅಪ್ಪಾ. ಹೋಗಿ ನಿನ್ನ ಅಣ್ಣನ ಜೊತೆ ಬಿಸಿಲಲ್ಲಿ ಕೂತುಕೋ. ನಾನು ಒಬ್ಬಳೇ ಇಲ್ಲ.