ತಿರುವಿನ ಆಚೆಯ ‘ಬಾ’

ನಮ್ಮ ಬಡಾವಣೆಗೆ ಅಂಕ ಹಾಕಿದ ಮಾನ್ಯ ಅಧಿಕಾರಿಗಳೇ,

ನಮ್ಮ ಬೀದಿಯ ತಿರುವಿನಲ್ಲಿ ‘ಮಕ್ಕಳಿರುವ ಕುಟುಂಬಗಳಿಗೆ ಯೋಗ್ಯವಾದ ಬಡಾವಣೆ’ ಎಂದು ತಾವು ಬೋರ್ಡು ನೆಡಿಸಿದ್ದೀರಿ. ಅಲ್ಲೊಂದು ರೋಡ್ ಹಂಪ್ ಹಾಕಿಸಿ, ಇಲ್ಲವೇ ಬೋರ್ಡು ಕಿತ್ತುಕೊಂಡು ಹೋಗಿ. ಯಾಕೆಂದು ಹೇಳುತ್ತೇನೆ.

ನಾನು ಓದಿದ್ದು ಹೈಸ್ಕೂಲಿನವರೆಗೆ. ಆದರೆ ಮಕ್ಕಳು, ಮೊಮ್ಮಕ್ಕಳನ್ನು ಈ ಬೀದಿಯಲ್ಲೇ ಬೆಳೆಸಿದವಳು; ಯಾರ ಮುಂದೆಯೂ ಕೈಚಾಚಿದವಳಲ್ಲ. ಶಾಲೆ ರಸ್ತೆಯ ಆ ಬದಿಗಿದೆ, ಮನೆಗಳು ಈ ಬದಿಗೆ. ನಡುವೆ ಲಾರಿಗಳು ಒಳದಾರಿಯೆಂದು ನುಗ್ಗುತ್ತವೆ. ತಿರುವಿನಲ್ಲಿ ನಿಂತವರಿಗೆ ಎರಡೂ ಕಡೆ ಏನೂ ಕಾಣುವುದಿಲ್ಲ. ಹಾಗಾಗಿ ನಾವೇ ಒಂದು ಏರ್ಪಾಡು ಮಾಡಿಕೊಂಡಿದ್ದೆವು. ನನ್ನ ಮೊದಲ ಮಹಡಿಯ ಕಿಟಕಿಗೆ ಮೇಲಿನ ರಸ್ತೆ ಕಾಣುತ್ತದೆ; ಎದುರಿನ ಟೈಲರ್ ಅಂಗಡಿಯ ಬಾಗಿಲಿಗೆ ಕೆಳಗಿನ ರಸ್ತೆ. ಶಾಲೆ ಬಿಟ್ಟಾಗ ನಾನು ಇಲ್ಲಿಂದ ‘ಬಾ’ ಎನ್ನಬೇಕು, ಟೈಲರ್ ಅಲ್ಲಿಂದ ‘ಬಾ’ ಎನ್ನಬೇಕು. ಎರಡೂ ಕೇಳಿಸದೆ ಯಾವ ಮಗುವೂ ಕಾಲು ಮುಂದಿಡುವ ಹಾಗಿಲ್ಲ. ಇಟ್ಟರೆ ನನ್ನಿಂದ ಬೈಗುಳ ತಪ್ಪಿದ್ದಲ್ಲ.

ಪರಿಶೀಲನೆಗೆ ಬಂದ ದಿನ ತಾವು ಇದನ್ನು ನೋಡಿ, “ಭಲೇ ಅಜ್ಜಿ, ನೀವಿರೋವಾಗ ಹಂಪ್ ಯಾಕೆ?” ಎಂದಿರಿ. ಟೈಲರ್ ಬಾಗಿಲಲ್ಲೇ ನಿಂತು, “ಸಾರ್, ಅಜ್ಜಿಗೆ ಹಾರ್ನ್ ಮಾತ್ರ ಇರೋದು, ಬ್ರೇಕ್ ಇಲ್ಲ” ಎಂದ. ಎಲ್ಲರೂ ನಕ್ಕರು. ತಾವು ಆಡಿದ್ದೂ ತಮಾಷೆಯೆಂದೇ ತಿಳಿದಿದ್ದೆ. ಹಂಪ್ ಬೇಕೆಂದು ನಾವು ಕೊಟ್ಟಿದ್ದ ಅರ್ಜಿಗೆ ಬಂದ ಉತ್ತರ ಓದಿದ ಮೇಲೆ ಅಲ್ಲವೆಂದು ಗೊತ್ತಾಯಿತು: ಇಲ್ಲಿ ಅಪಘಾತಗಳಾಗಿಲ್ಲ, ನಿವಾಸಿಗಳ ಸಹಕಾರ ಮಾದರಿಯಾಗಿದೆ, ಆದ್ದರಿಂದ ಹಂಪಿನ ಅಗತ್ಯವಿಲ್ಲ. ಮಾನ್ಯರೇ, ತಾಯಿ ಮಗುವಿನ ಕೈ ಹಿಡಿದುಕೊಂಡಿದ್ದಾಳೆಂದು ಬಾವಿಗೆ ಕಟ್ಟೆ ಬೇಡವೇ? ಅಪಘಾತ ಆಗದಿದ್ದುದು ರಸ್ತೆಯ ಗುಣವೋ, ನಮ್ಮ ಗಂಟಲಿನ ಗುಣವೋ? ಅರ್ಜಿಗೆ ಬಲ ಬರಲೆಂದು ನಾವು ಯಾರ ಮನೆಯ ಮಗುವನ್ನು ಆರಿಸಬೇಕಿತ್ತು?

ಬೋರ್ಡು ಬಂತು. ಯೋಗ್ಯ ಬಡಾವಣೆಯಲ್ಲವೇ, ಬಾಡಿಗೆಯೂ ಏರಿತು. ಟೈಲರ್ ಅಂಗಡಿ ಖಾಲಿ ಮಾಡಿದ. ಹೊಲಿಗೆ ಯಂತ್ರವನ್ನು ಗಾಡಿಗೇರಿಸಿ ನನ್ನ ಕಿಟಕಿಯ ಕೆಳಗೆ ಬಂದು, “ಅಜ್ಜಿ, ಇನ್ಮೇಲೆ ನೀವೊಬ್ರೇ ಕೂಗ್ಬೇಕು” ಎಂದ.

“ನಂಗೆ ಆ ಕಡೆ ಕಾಣತ್ತೇನೋ, ಕೂಗೋಕೆ?” ಎಂದು ಗದರಿದೆ. ಪಾಪ, ಅವನದೇನು ತಪ್ಪು.

ಮರುದಿನ ಶಾಲೆ ಬಿಟ್ಟಿತು. ಅಭ್ಯಾಸಬಲ, ‘ಬಾ’ ಎಂದುಬಿಟ್ಟೆ. ಒಂದನೇ ತರಗತಿಯ ನನ್ನ ಮೊಮ್ಮಗಳು ಆಚೆ ಅಂಚಿನಲ್ಲಿ ಬ್ಯಾಗು ಹೊತ್ತು ನಿಂತೇ ಇದ್ದಳು. ಮುಚ್ಚಿದ ಶಟರಿನ ಕಡೆಗೇ ತಿರುಗಿ ತಿರುಗಿ ನೋಡುತ್ತಿದ್ದಳು. ಅವಳ ಅಪ್ಪ ಅಮ್ಮ ಇಬ್ಬರೂ ಕೆಲಸದಲ್ಲಿ. ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು ನಾನೇ ಹೋದೆ.

“ಟೈಲರ್ ಮಾಮ ಹೇಳ್ಲೇ ಇಲ್ಲ ಅಜ್ಜಿ.”

“ನಾನು ಹೇಳಿದ್ನಲ್ಲೇ, ಸಾಲ್ದಾ?”

“ಎರಡು ಬೇಕು ಅಂತ ನೀನೇ ಹೇಳಿದ್ದು.”

ನಾನೇ ಹೇಳಿದ್ದು. ಅವಳ ಕೈ ಹಿಡಿದು ರಸ್ತೆಯಂಚಿನಲ್ಲಿ ನಿಂತೆ. ಅಲ್ಲಿಂದ ನನಗೂ ಏನೂ ಕಾಣಲಿಲ್ಲ. ಕಿಟಕಿಯಲ್ಲಿ ನಿಂತರೆ ಅವಳ ಕೈ ಸಿಗುವುದಿಲ್ಲ. ಅವಳ ಕೈ ಹಿಡಿದರೆ ರಸ್ತೆ ಕಾಣುವುದಿಲ್ಲ. ದಿನವೂ ಹೀಗೆಯೇ ಕಿವಿಯನ್ನೇ ನಂಬಿ ದಾಟುತ್ತಿದ್ದೇವೆ.

ಮೊನ್ನೆ ಮನೆ ನೋಡಲು ಬಂದ ಬಸುರಿಯೊಬ್ಬಳು ತಮ್ಮ ಬೋರ್ಡು ಓದಿ, ತಲೆಯೆತ್ತಿ ಕೇಳಿದಳು: “ಅಜ್ಜಿ, ಮಕ್ಕಳಿಗೆ ಪರವಾಗಿಲ್ವಾ ಇಲ್ಲಿ?” ಕೇಳಿದವರಿಗೆ ಉತ್ತರ ಕೊಡದೆ ಕಳಿಸಿದವಳಲ್ಲ ನಾನು. ಅವತ್ತು ಕಿಟಕಿ ಹಾಕಿಕೊಂಡೆ.

ಬೋರ್ಡು ಕೀಳಲು ತಮಗೆ ಮುಜುಗರವಾದರೆ ಇರಲಿ. ಹಂಪ್ ಹಾಕಿಸಿ. ಅದು ಬರುವವರೆಗೆ, ಟೈಲರ್ ಬಿಟ್ಟುಹೋದ ಸ್ಟೂಲು ಶಟರಿನ ಮುಂದೆಯೇ ಇದೆ. ಶಾಲೆ ಬಿಡುವ ಹೊತ್ತಿಗೆ ತಾವು ಬಂದು ಅದರ ಮೇಲೆ ಕೂರಬೇಕು. ಕೆಲಸವೇನೂ ಕಷ್ಟದ್ದಲ್ಲ. ನಾನು ಕೂಗಿದ ಮೇಲೆ ಕೆಳಗಿನ ರಸ್ತೆಯನ್ನು ಚೆನ್ನಾಗಿ ನೋಡಿ ತಾವೂ ಒಮ್ಮೆ ‘ಬಾ’ ಎನ್ನಬೇಕು. ನೋಡಿಯೇ ಹೇಳಿ. ಮಗು ತಮ್ಮ ಮಾತು ನಂಬಿ ಕಾಲಿಡುತ್ತದೆ.

ಇಂತಿ,
ಹಾರ್ನ್ ಮಾತ್ರ ಉಳಿದಿರುವ,
ತಿರುವಿನ ಮನೆಯ ಅಜ್ಜಿ