ಕೈಜಾರಿದ ಬ್ಯಾಟನ್

ಡನೀಡಿನ್, ನ್ಯೂಜಿಲೆಂಡ್,
ಭಾನುವಾರ

ಪ್ರೀತಿಯ ವಸಂತಕ್ಕ,

ನಾನೀಗ ಇಲ್ಲಿನ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ನಾನು ಮಂಡಿಗೆ ವ್ಯಾಯಾಮ ಮಾಡಿಸುವ ಮಿನೆಕೊ ಆಂಟಿ ಹನ್ನೊಂದು ವರ್ಷ ಜಪಾನ್ ತಂಡಕ್ಕೆ ರಿಲೇ ಓಡಿದವರು. ಪ್ರತಿ ಸಲವೂ ಅವರಿಗೆ ಬ್ಯಾಟನ್ ಕೊಡುತ್ತಿದ್ದವಳು ಗೆಳತಿ ಯುರಿ. ಕೊನೆಯ ಓಟದಲ್ಲಿ ಅದು ಬಿದ್ದುಹೋಗಿ, ಇಬ್ಬರೂ ಮಾತು ಬಿಟ್ಟರು. ಆಂಟಿ ಮದುವೆಯಾಗಿ ಇಲ್ಲಿಗೆ ಬಂದರು. ಯುರಿ ಹೋದ ವರ್ಷ ತೀರಿಕೊಂಡಳಂತೆ.

“ಪದಕಗಳೆಲ್ಲ ಎಲ್ಲಿವೆ ಆಂಟಿ?” ಎಂದೆ.

“ಯಾವುದೋ ಪೆಟ್ಟಿಗೆಯಲ್ಲಿ. ಓಡುವಾಗ ಹಿಂದಿನಿಂದ ಅವಳು ಕೂಗುತ್ತಿದ್ದಳಲ್ಲ, ಆ ಕೂಗು ಇನ್ನೊಮ್ಮೆ ಕಿವಿಗೆ ಬೀಳಬೇಕಿತ್ತು,” ಎಂದರು.

ಅಕ್ಕ, ಮೈಸೂರಿನಲ್ಲಿ ನಾವಿಬ್ಬರೂ ಓಡಿದ ರಿಲೇಯಲ್ಲಿ ಬ್ಯಾಟನ್ ಜಾರಿದ್ದು ನನ್ನ ಕೈಯಿಂದ. ನಿನ್ನ ತಪ್ಪೆಂದು ಕೋಚ್‌ಗೆ ನಾನೇ ಸುಳ್ಳು ಹೇಳಿದೆ.

ನಿನ್ನ ಮನೆ ಎಲ್ಲೆಂದು ಗೊತ್ತಿಲ್ಲ, ನೀನು ಕಲಿಸುವ ಶಾಲೆಯ ವಿಳಾಸಕ್ಕೆ ಇದನ್ನು ಕಳಿಸುತ್ತಿದ್ದೇನೆ. ನನ್ನ ನಂಬರು ಲಕೋಟೆಯ ಹಿಂಬದಿಯಲ್ಲಿದೆ. ನಿನಗೆ ಬೆಳಿಗ್ಗೆ ಆರೂವರೆಯಾದಾಗ ನನಗೆ ಊಟದ ಬಿಡುವು. ಬೈಯುವುದಕ್ಕಾದರೂ ಫೋನ್ ಮಾಡು.

ನಿನ್ನ
ವೇದಾ