ಗಾಡಿ ಎಡಕ್ಕೆ ಎಳೆಯುತ್ತದೆ

ಜನವರಿ 9, ಗುರುವಾರ

ವ್ಯಾನಿನ ಸಿಂಕಿನ ಕೆಳಗೆ ಮತ್ತೆ ನೀರು. ಪೈಪಿಗೆ ಟೇಪ್ ಉಲ್ಟಾ ಸುತ್ತಿದ್ದೆನಂತೆ. ಬಿಚ್ಚಿ, ಒರೆಸಿ, ಮತ್ತೆ ಸುತ್ತಿದೆ. ಇವರು ಹಿಂದೆ ನಿಂತು ಹೇಳಿದ ದಿಕ್ಕಿಗೇ. ನಿಂತಿತು ಅಂದುಕೊಂಡು ಚಹಾ ಕುಡಿಯುವಷ್ಟರಲ್ಲಿ ಟಪ್... ಟಪ್... ಇಬ್ಬರೂ ನಕ್ಕೆವು. ನಗದೆ ಇನ್ನೇನು ಮಾಡುವುದು.

ಯಾವುದೋ ಶಾಲೆಯ ಹಳೆ ವ್ಯಾನು. ಮಕ್ಕಳ ಸೀಟು ಕಿತ್ತು ಮಂಚ ಹಾಕಿದ್ದೇವೆ. ಮಂಚದ ಕೆಳಗೆ ನೀರಿನ ಟ್ಯಾಂಕು, ಹಿಂಬಾಗಿಲ ಹತ್ತಿರ ಒಲೆ. ಪರದೆ, ಕುಶನ್ನು ಎಲ್ಲ ನನ್ನದೇ ಹೊಲಿಗೆ. ಬಣ್ಣ ಮಾತ್ರ ಇನ್ನೂ ಹಳದಿ. ಸ್ಟಾಪಿನಲ್ಲಿ ನಿಂತ ಮಕ್ಕಳು ಕೈ ಅಡ್ಡ ಹಿಡಿಯುತ್ತವೆ. ಇವರಿಗೆ ಖುಷಿ, ಹಾರ್ನ್ ಹೊಡೆಯುತ್ತಾರೆ.

ಇಪ್ಪತ್ತಾರು ವರ್ಷ ಸಾಗರ–ಹೊಸನಗರ–ತೀರ್ಥಹಳ್ಳಿ ಬಸ್ಸು ಓಡಿಸಿದ ಮನುಷ್ಯ. ಸೀಸನ್ನಿನಲ್ಲಿ ಟೂರ್ ಬಸ್ಸು. ಊರಿನ ಅರ್ಧ ಜನಕ್ಕೆ ಮಂತ್ರಾಲಯ, ತಿರುಪತಿ ತೋರಿಸಿದ್ದಾರೆ. ನನಗೆ ತೋರಿಸಿದ್ದು ಹೊಲಿಗೆ ಮಿಷನ್. ಇದನ್ನೇ ಹೇಳಿ ಹೇಳಿ ದೀಪಾವಳಿಗೆ ಬಸ್ಸು ಬಿಡಿಸಿದೆ, ಈ ಗಾಡಿ ತೆಗೆಸಿದೆ. ಶಿವರಾತ್ರಿ ಕಳೆದ ಮೇಲೆ ಹೊರಡುವುದು. ಮೊದಲು ವಿಜಾಪುರ. ಗೋಲಗುಮ್ಮಟದಲ್ಲಿ ನಿಂತು ಏನು ಕೂಗಬೇಕು ಅಂತಲೂ ಯೋಚಿಸಿಟ್ಟಿದ್ದೇನೆ. ಇಲ್ಲಿ ಬರೆಯುವುದಿಲ್ಲ, ನಾಚಿಕೆ.

ಜನವರಿ 12, ಭಾನುವಾರ

ಟ್ರಯಲ್ ಅಂತ ವರದಹಳ್ಳಿಗೆ. ಒಲೆ ಅಲುಗಲಿಲ್ಲ. ಟ್ಯಾಂಕು ಸೋರಲಿಲ್ಲ. ಆದರೆ ವಾಪಸ್ ಬರುವಾಗ ಎಡಗಡೆ ಮಿರರ್ ಒಂದು ಗೇಟಿನ ಕಂಬಕ್ಕೆ ಹೊಡೆದು ಪುಡಿ. ಇವರ ಕೈಯಲ್ಲಿ! ಹತ್ತಿರದಲ್ಲಿದ್ದವರೆಲ್ಲ ನೋಡಿದರು. ಇವರ ಮುಖ ಕೆಂಪು.

“ಗಾಡಿ ಎಡಕ್ಕೆ ಎಳೀತದೆ ಮಾರಾಯ್ತಿ. ಎಲೈನ್‌ಮೆಂಟ್ ಹೋಗಿದೆ.”

ಇರಬಹುದು. ನನಗೇನು ಗೊತ್ತು ಎಲೈನ್‌ಮೆಂಟು.

ಜನವರಿ 16

ಹೊಸನಗರ. ಜಲಜಮ್ಮ ಅತ್ತಿಗೆಯ ಮನೆ — ಇವರ ಅಕ್ಕ. ಮೊಮ್ಮಗುವಿನ ನಾಮಕರಣ. ಮಗುವಿಗಿಂತ ವ್ಯಾನು ನೋಡಲು ಜನ ಜಾಸ್ತಿ. “ಒಳಗೇ ಮಲಗ್ತೀರನೆ ಪ್ರತಿಮಾ? ಇಷ್ಟು ವಯಸ್ಸಾದ್ಮೇಲೆ ಎಂತ ಹುಚ್ಚು ನಿಮ್ದು!” ಅಂದರು ಅತ್ತಿಗೆ. ಅಂದವರೇ ಮಂಚದ ಮೇಲೆ ಕೂತು ಎರಡು ಸಲ ಕುಲುಕಿ ನೋಡಿದರು.

ಊಟದಲ್ಲಿ ಇವರು ಬಡಿಸುವ ಹುಡುಗನ ಮೇಲೆ ರೇಗಿದರು. ಉಪ್ಪು ಇಲ್ಲ, ಉಪ್ಪಿನಕಾಯಿ ಇಲ್ಲ, ಕೋಸಂಬರಿ ಇಲ್ಲ, ಎಂತ ಬಡಿಸ್ತೀರ ಅಂತ. ಎಲ್ಲವೂ ಇತ್ತು. ಎಲೆಯ ಎಡತುದಿಯಲ್ಲಿ, ಇರಬೇಕಾದಲ್ಲೇ. ಹುಡುಗ ಪಾಪ, ಎಲೆಯ ನಡುವೆ ಇನ್ನೊಂದು ಸಲ ಬಡಿಸಿದ. ಎರಡೆರಡು ಉಪ್ಪಿನ ಗುಡ್ಡೆ. ಪಂಕ್ತಿಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನಾನು.

ಜನವರಿ 21

ಸಚಿನ್ ಗ್ಯಾರೇಜಿನಲ್ಲಿ ಬೆಳಗಿನಿಂದ. ಇವರು ಬಸ್ಸು ಓಡಿಸುವ ಕಾಲದಿಂದ ಪರಿಚಯದ ಹುಡುಗ. ಎಲೈನ್‌ಮೆಂಟ್ ನೋಡಿದ, ಟೈರ್ ಅದಲು ಬದಲು ಮಾಡಿದ, ತಾನೇ ಒಂದು ಸುತ್ತು ಓಡಿಸಿ ಬಂದ.

“ದುರ್ಗೇಶಣ್ಣ, ಗಾಡಿ ನೂಲು ಹಿಡ್ದಂಗೆ ಹೋಗ್ತದೆ. ಎಲ್ಲೂ ಎಳೀತಿಲ್ಲ.”

“ನಂಗೆ ಕಲಿಸ್ತೀಯನೋ? ಸ್ಟೇರಿಂಗ್ ಹಿಡಿದವನು ನಾನು.”

ಕೊನೆಗೆ ಇವರು ಹೇಳಿದಂತೆಯೇ ಎಡಕ್ಕೆ ದೊಡ್ಡ ಮಿರರ್, ಅದರ ಕೆಳಗೆ ಇನ್ನೊಂದು ಉರುಟು ಮಿರರ್. ಬಂಪರಿನ ಮೂಲೆಗೆ ಒಂದು ಕಡ್ಡಿ, ತುದಿಗೆ ಕೆಂಪು ಚೆಂಡು. ಗಾಡಿಯ ಎಡಗಡೆ ಮದುವಣಗಿತ್ತಿಯಾಗಿದೆ.

ಸಂಜೆ ಫ್ಯಾನಿನ ವೈರಿಂಗ್. ಯಾವ ಫ್ಯೂಸು ಯಾವುದಕ್ಕೆ ಅಂತ ಬಾಯಿಪಾಠ ಮಾಡಿಸಿದರು. “ದಾರೀಲಿ ನಂಗೆ ಹುಷಾರಿಲ್ದೇ ಇದ್ರೆ ನೀನೇ ನೋಡ್ಬೇಕಲ್ಲ.” ಪಾಠ ಮಾಡುವಾಗ ಎಷ್ಟು ಸಂತೋಷ ಆ ಮುಖದಲ್ಲಿ. ನನಗೂ.

ಫೆಬ್ರವರಿ 2, ಭಾನುವಾರ



ಬಟ್ಟೆಮಲ್ಲಪ್ಪ ಊರು ದಾಟಿ ಈಚೆ, ವ್ಯಾನಿನಲ್ಲಿ ಬರುತ್ತಿದ್ದೆವು. ರಸ್ತೆಯ ಎಡಬದಿಯಲ್ಲಿ ಒಬ್ಬ ಹೆಂಗಸು, ತಲೆಯ ಮೇಲೆ ಸೊಪ್ಪಿನ ಹೊರೆ. ದೂರದಿಂದಲೇ ನನಗೆ ಕಂಡಳು. ಇವರು ಸರಿಯುತ್ತಾರೆ, ಈಗ ಸರಿಯುತ್ತಾರೆ ಅಂತ ಕಾದೆ. ಸರಿಯಲಿಲ್ಲ. ನೇರ ಅವಳ ಮೇಲೆ. ಕಿರುಚಿದೆ. ಹೊರೆಗೆ ಗಾಡಿ ತಾಗಿತು, ಅವಳು ಚರಂಡಿಗೆ ಬಿದ್ದಳು.

ಇವರು ನಿಲ್ಲಿಸಲಿಲ್ಲ. ಓಡಿಸುತ್ತಲೇ ಕೇಳಿದರು — “ಎಂತ ಆತು? ಯಾಕೆ ಕಿರುಚಿದ್ದು?”

“ಹೆಂಗಸು! ಹೆಂಗಸಿಗೆ ಹೊಡೆದ್ರಿ!”

“ಯಾವ ಹೆಂಗಸು? ಯಾರೂ ಇರ್ಲಿಲ್ಲ ಅಲ್ಲಿ.”

ಮೂವತ್ತು ವರ್ಷದ ಸಂಸಾರ. ಇವರು ಸುಳ್ಳು ಹೇಳುವಾಗ ಧ್ವನಿ ಹೇಗಿರುತ್ತದೆ ಅಂತ ಗೊತ್ತು. ಇದು ಸುಳ್ಳಲ್ಲ.

ಹಿಂದಕ್ಕೆ ಹೋದೆವು. ಕನ್ನಮ್ಮ ಅಂತ ಅವಳ ಹೆಸರು. ಮೊಣಕೈ ತರಚಿತ್ತು, ಅಷ್ಟೇ — ದೇವರು ದೊಡ್ಡವನು. ಬಾಯಿಗೆ ಬಂದಂತೆ ಬೈದಳು, ಬೈಯಲಿ. ಇವರು ಕೈಮುಗಿದು ನಿಂತರು. ವ್ಯಾನಿನಲ್ಲಿದ್ದ ಡೆಟಾಲ್ ಹಚ್ಚಿ ಮನೆಯವರೆಗೆ ಬಿಟ್ಟು ಬಂದೆವು.

ಆಮೇಲೆ ದಾರಿಯುದ್ದಕ್ಕೂ ಒಂದೇ ಮಾತು: “ಎಲ್ಲಿಂದ ಬಂದ್ಲು ಅವ್ಳು?”

ಫೆಬ್ರವರಿ 4

ನೋಡುತ್ತಿದ್ದೇನೆ. ಕಳ್ಳಿಯ ಹಾಗೆ.

ಶೇವ್ ಮಾಡಿಕೊಂಡರು. ಎಡಗೆನ್ನೆಯಲ್ಲಿ ಕಿವಿಯ ಹತ್ತಿರ ಗಡ್ಡ ಹಾಗೇ ಇದೆ. ಪೇಪರ್ ಓದುವಾಗ ಹೆಡ್‌ಲೈನ್ ಅರ್ಧದಿಂದ ಓದಿ “ಎಂತ ಬರೀತಾರೋ ಇವ್ರು, ತಲೆಬುಡ ಇಲ್ಲ” ಅಂದರು.

ಚಹಾದ ಲೋಟವನ್ನು ಬೇಕಂತಲೇ ಎಡಗಡೆ ಇಟ್ಟೆ. ಇಡುವಾಗ ಸದ್ದು ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ, “ಚಾ ಕೊಡೋದಿಲ್ಲೇನೆ ಇವತ್ತು?”

ಒಳಗೆ ಹೋಗಿ ಅತ್ತುಬಿಟ್ಟೆ. ಎಡಗಡೆ ಎಳೆಯುವುದು ಗಾಡಿಯಲ್ಲ.

ಹೊಸವರ್ಷಕ್ಕೆ ಮುಂಚೆ ಒಂದು ದಿನ ಸಿಕ್ಕಾಪಟ್ಟೆ ತಲೆನೋವು ಅಂದಿದ್ದರು, ವಾಂತಿಯೂ ಆಗಿತ್ತು. ಪಿತ್ತ ಅಂತ ಶುಂಠಿ ಕಷಾಯ ಕೊಟ್ಟೆ. ಮಾರನೆ ದಿನ ಎದ್ದು ಸಿಂಕ್ ಜೋಡಿಸಿದರು. ಅದು ಪಿತ್ತವೇ ಆಗಿತ್ತಾ? ಅದು ದೀಪಾವಳಿಗೆ ಮೊದಲೇ, ಬಸ್ಸಿನ ತುಂಬ ಜನ ಇರುವಾಗ ಬಂದಿದ್ದರೆ? ಬೇಡ. ಬರೆಯುವುದೇ ಬೇಡ.

ಫೆಬ್ರವರಿ 14

ಹೇಳಿದೆ. ಹತ್ತು ದಿನ ನುಂಗಿಕೊಂಡಿದ್ದೆ, ಇವತ್ತು ಹೇಳಿದೆ. ಹೇಳಬಾರದ ಹಾಗೆ ಹೇಳಿದೆ, ಅಡುಗೆ ಮಾಡುತ್ತ, ಬೆನ್ನು ಹಾಕಿಕೊಂಡು. ನಿಮಗೆ ಎಡಗಡೆ ಕಾಣ್ತಿಲ್ಲ, ಡಾಕ್ಟರ ಹತ್ರ ಹೋಗುವಾ ಅಂತ.

ಮೊದಲು ನಕ್ಕರು. ಆಮೇಲೆ ಒಂದು ಕಣ್ಣು ಮುಚ್ಚಿ ಕ್ಯಾಲೆಂಡರ್ ಓದಿದರು, ಇನ್ನೊಂದು ಕಣ್ಣು ಮುಚ್ಚಿ ಓದಿದರು. “ಕಂಡ್ತಲ್ಲ? ಎರಡ್ರಲ್ಲೂ ಕಂಡ್ತಲ್ಲ?”

“ಕನ್ನಮ್ಮ ಕಂಡ್ಳಾ?”

ತಟ್ಟೆ ಸರಿಸಿ ಎದ್ದರು. “ಇಪ್ಪತ್ತಾರು ವರ್ಷದಲ್ಲಿ ಒಂದು ಕೋಳಿಮರಿ ಸಾಯಿಸಿದವನಲ್ಲ ನಾನು. ನಿಂಗೆ ಹೊರಡೋಕೆ ಹೆದ್ರಿಕೆ ಆದ್ರೆ ಹಾಗಂತ ಹೇಳು. ನನ್ನ ಕಣ್ಣಿಗ್ಯಾಕೆ ಬರ್ತೀಯ?”

ಫೆಬ್ರವರಿ 16

ಇವರು ಅಕ್ಕನ ಮನೆಗೆ ನಾಳೆ ಒಬ್ಬರೇ ವ್ಯಾನ್ ತೆಗೆದುಕೊಂಡು ಹೋಗುತ್ತಾರಂತೆ. ನನಗೆ ಹೇಳಿದ್ದಲ್ಲ, ಫೋನಿನಲ್ಲಿ ಅತ್ತಿಗೆಗೆ ಹೇಳಿದ್ದು ಕೇಳಿಸಿತು.

ಸೋಮವಾರ ಬೆಳಿಗ್ಗೆ. ರಸ್ತೆ ತುಂಬ ಶಾಲೆಗೆ ಹೋಗುವ ಮಕ್ಕಳು. ಎಲ್ಲ ಎಡಬದಿಯಲ್ಲೇ ನಡೆಯುವವು. ಹಳದಿ ವ್ಯಾನು ಕಂಡರೆ ಇನ್ನೂ ಮುಂದೆ ಬಂದು ಕೈ ಅಡ್ಡ ಹಿಡಿಯುವವು.

ಫೆಬ್ರವರಿ 17, ಸೋಮವಾರ

ಇವರು ಸ್ನಾನಕ್ಕೆ ಹೋದಾಗ ಫ್ಯೂಸ್ ಕಿತ್ತೆ. ಸ್ಟಾರ್ಟರಿನದು. ಅವರೇ ಬಾಯಿಪಾಠ ಮಾಡಿಸಿದ್ದು. ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಗಾಡಿ ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ನೋಡಿದರು. ಟರ್ಮಿನಲ್ ಉಜ್ಜಿದರು. ಫ್ಯೂಸ್ ಬಾಕ್ಸ್ ಮುಚ್ಚಳ ತೆಗೆದಾಗ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದೆ. ಸಿಕ್ಕಿಬಿದ್ದೆ, ಈಗ ಬೈಗುಳ ಅಂತ. ನೋಡಿದರು. ಬೆರಳಿಟ್ಟು ಒಂದೊಂದೇ ಮುಟ್ಟಿ ನೋಡಿದರು. “ಎಲ್ಲಾ ಸರಿ ಇದೆ,” ಅಂತ ಮುಚ್ಚಿದರು.

ನಾನು ಕಿತ್ತದ್ದು ಎಡತುದಿಯದ್ದು. ಹಾಗೆ ಯೋಚಿಸಿ ಕಿತ್ತದ್ದಲ್ಲ, ಆಣೆ ಮಾಡಿ ಹೇಳುತ್ತೇನೆ. ಅದು ಇದ್ದದ್ದೇ ಅಲ್ಲಿ.

ಸಚಿನ್‌ಗೆ ಫೋನ್ ಮಾಡಿದರು. ಬಂದ, ಮುಚ್ಚಳ ತೆಗೆದ. “ದುರ್ಗೇಶಣ್ಣ, ಸ್ಟಾರ್ಟರ್ ಫ್ಯೂಸೇ ಇಲ್ವಲ್ಲ.”

“ಎಲ್ಲಿ? ಎಲ್ಲಾ ಉಂಟಲ್ಲ.”

“ಇಲ್ಲಿ ಅಣ್ಣ. ಖಾಲಿ.”

ಇವರು ನೋಡಿದರು. ಕಾಣಲಿಲ್ಲ. ಸಚಿನ್ ಅವರ ಬೆರಳು ಹಿಡಿದು ಆ ಖಾಲಿ ಜಾಗದ ಮೇಲೆ ಇಟ್ಟ. ಇವರು ತಮ್ಮ ಬೆರಳು ಹೋದ ಕಡೆಗೆ ಕತ್ತು ತಿರುಗಿಸಿದರು, ನಿಧಾನಕ್ಕೆ... ಆಗ ಕಂಡಿತು. ಕತ್ತು ನೆಟ್ಟಗೆ ಮಾಡಿದರು. ಮತ್ತೆ ತಿರುಗಿಸಿದರು. ಮತ್ತೆ ನೆಟ್ಟಗೆ. ಸಚಿನ್ ನನ್ನ ಮುಖ ನೋಡಿದ. ನಾನು ಸೆರಗು ಬಿಚ್ಚಿ ಫ್ಯೂಸು ಕೊಟ್ಟೆ.

ಬೈಯಲಿಲ್ಲ. ಫುಟ್‌ಬೋರ್ಡಿನ ಮೇಲೆ ಕುಸಿದು ಕೂತರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಮೇಲೆ ಕೇಳಿದರು — “ಆ ಹೆಂಗ್ಸು... ಎಷ್ಟು ಹತ್ರ ಇದ್ಲು?”

ಹೇಳಿದೆ. ಇದ್ದದ್ದನ್ನು ಇದ್ದ ಹಾಗೆ.

ಫೆಬ್ರವರಿ 20

ಬಸ್ಸಿನಲ್ಲಿ ತೀರ್ಥಹಳ್ಳಿಗೆ. ತಾವೇ ಓಡಿಸುತ್ತಿದ್ದ ರೂಟು. ಡ್ರೈವರ್ ಮುಂದಿನ ಸೀಟಿಗೆ ಕರೆದರು, ಇವರು ಹೋಗಲಿಲ್ಲ.

ಕಣ್ಣಿನ ಡಾಕ್ಟರು ಬೆರಳು ಆಡಿಸಿ ಆಡಿಸಿ ನೋಡಿ ಶಿವಮೊಗ್ಗಕ್ಕೆ ಸ್ಕ್ಯಾನಿಂಗಿಗೆ ಬರೆದುಕೊಟ್ಟರು.

ಫೆಬ್ರವರಿ 24

ಶಿವಮೊಗ್ಗದಲ್ಲಿ ಸ್ಕ್ಯಾನಿಂಗ್. ಕಣ್ಣು ಎರಡೂ ಚೆನ್ನಾಗಿವೆಯಂತೆ. ತಲೆಯ ಹಿಂಭಾಗದಲ್ಲಿ ರಕ್ತ ಹೋಗುವುದು ನಿಂತು ಅಲ್ಲಿ ಮೆದುಳು ಸ್ವಲ್ಪ ಸತ್ತಿದೆ. ಅದರಿಂದ ಎರಡೂ ಕಣ್ಣಿಗೆ ಎಡಗಡೆಯ ಅರ್ಧ ಇಲ್ಲ. “ಅಲ್ಲಿ ಕತ್ತಲೆ ಕಾಣೋದಿಲ್ಲ ನೋಡಿ, ಅದಕ್ಕೇ ಗೊತ್ತಾಗೋದಿಲ್ಲ,” ಅಂದರು ಡಾಕ್ಟರು. ಮಾತ್ರೆ ಬರೆದರು, ಮತ್ತೆ ಬರದ ಹಾಗೆ. ಹೋದದ್ದು ಬರುವುದು ಕಷ್ಟ. ಕತ್ತು ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಬೇಕು. ಡ್ರೈವಿಂಗ್ ಬೇಡ.

“ಎಷ್ಟು ದಿನ ಬೇಡ ಸರ್?” ಇವರು ಕೇಳಿದರು.

ಡಾಕ್ಟರು ನನ್ನ ಕಡೆ ನೋಡಿದರು. ನನ್ನನ್ನು ಯಾಕೆ ನೋಡಬೇಕು ಅವರು? ಸಿಟ್ಟು ಬಂತು.

ಮಾರ್ಚ್ 16

ಗಾಡಿಯ ಮೇಲೆ ಎಲೆ ಉದುರಿ ತುಂಬಿದೆ. ಕೂತಲ್ಲೇ ಕೂರುತ್ತಾರೆ. ಕತ್ತು ತಿರುಗಿಸುವ ಅಭ್ಯಾಸ ಮಾಡಿ ಅಂದರೆ, “ಯಾವ ರಸ್ತೆ ನೋಡೋಕೆ?” ನಿನ್ನೆ ಗಾಡಿ ಕೊಟ್ಟುಬಿಡುವಾ ಅಂದರು.

ಆಗ ನಾನು ಅಂದದ್ದು — “ನಾನು ಕಲೀತೀನಿ.”

ನಗುತ್ತಾರೆ ಅಂದುಕೊಂಡೆ. ನನ್ನ ಕಾಲು ನೋಡಿದರು. “ಕ್ಲಚ್ಚಿಗೆ ಕಾಲು ಎಟುಕೋದಿಲ್ಲ ನಿಂಗೆ. ಸೀಟು ಮುಂದೆ ಹಾಕ್ಬೇಕು.” ಎದ್ದು ಸ್ಪ್ಯಾನರ್ ಹುಡುಕಿದರು. ಇಷ್ಟು ದಿನದಲ್ಲಿ ಮೊದಲ ಸಲ ಅವರಾಗಿ ಎದ್ದದ್ದು.

ಮಾರ್ಚ್ 29

ಕಲಿಯುವವರ ಲೈಸೆನ್ಸು, ಎಲ್.ಎಲ್., ಬಂದಿದೆ. ಗಾಡಿಗೆ ಕೆಂಪು ‘ಎಲ್’. ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಪಾಠ. ಇವರು ಪಕ್ಕದಲ್ಲಿ, ಎಡಗಡೆ ಸೀಟಿನಲ್ಲಿ. ಎಂಥ ಮೇಷ್ಟ್ರು! ಗೇರು ಕಿರುಗುಟ್ಟಿದರೆ ತಮ್ಮ ಹಲ್ಲೇ ಕಿತ್ತಂತೆ ಮುಖ ಮಾಡುತ್ತಾರೆ. “ಹಾಫ್ ಕ್ಲಚ್, ಹಾಫ್ ಕ್ಲಚ್... ಹೊಲಿಗೆ ಮಿಷನ್ ಅಲ್ಲ ಕಣೆ ತುಳಿಯೋಕೆ!” ಬೈಗುಳ ಕೇಳಿ ಇಷ್ಟು ಸಮಾಧಾನ ಆದದ್ದು ಇದೇ ಮೊದಲು.

ತಿರುವು ಬಂದರೆ ತಮ್ಮ ಪಾಲಿನ ಕೆಲಸ ತಾವೇ ವಹಿಸಿಕೊಂಡಿದ್ದಾರೆ. ಎಡಗಡೆ ನೋಡಿ, ಹೊರಡು ಅಂತ ಬಸ್ಸಿನವರ ಭಾಷೆಯಲ್ಲಿ ಹೇಳುವುದು. “ಎಡಗಡೆ ಕ್ಲಿಯರ್, ಎತ್ತು.”

ಇವತ್ತು ಹಾಗೆ ಹೇಳಿದಾಗ ಕ್ಲಿಯರ್ ಇರಲಿಲ್ಲ. ಸೈಕಲ್ ಬರುತ್ತಿತ್ತು. ಇಂಜಿನ್ ಆಫ್ ಆಗಲಿ ಅಂತ ಬೇಕಂತಲೇ ಕ್ಲಚ್ ಬಿಟ್ಟೆ. ಗಾಡಿ ಕುಲುಕಿ ನಿಂತಿತು, ಸೈಕಲ್ ದಾಟಿತು. ಅವರಿಗೆ ಗೊತ್ತಾಗಲಿಲ್ಲ. ಕ್ಲಚ್ಚಿಗಾಗಿ ಬೈದರು. ಬೈಸಿಕೊಂಡೆ.

ಏಪ್ರಿಲ್ 6, ಭಾನುವಾರ

ಮೇನ್ ರೋಡಿಗೆ ಸೇರುವ ತಿರುವು. ನಿಲ್ಲಿಸಿದೆ. ಇವರು ಅವಸರ ಮಾಡಲಿಲ್ಲ. ಕತ್ತು, ಭುಜ, ಇಡೀ ಮೈಯನ್ನೇ ಎಡಕ್ಕೆ ತಿರುಗಿಸಿ ನೋಡಿದರು. ಸೀಟಿನಲ್ಲಿ ಅರ್ಧ ಎದ್ದು ನೋಡಿದರು. ಯಾರಿಗೂ ಕಾಣದ ಹಾಗೆ ಎಷ್ಟು ಅಭ್ಯಾಸ ಮಾಡಿದ್ದಾರೋ. “ಎಡಗಡೆ ಕ್ಲಿಯರ್, ಎತ್ತು.”

ನಾನು ಬಗ್ಗಿ ನೋಡಿದೆ.

ಏನೂ ಇರಲಿಲ್ಲ. ರಸ್ತೆ ಖಾಲಿ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಬಗ್ಗಿದ್ದನ್ನು ಅವರು ನೋಡಿಬಿಟ್ಟರು. ನಾನು ಕೂತದ್ದು ಅವರ ಬಲಗಡೆ. ಆ ಕಡೆ ಅವರಿಗೆ ಎಲ್ಲವೂ ಕಾಣುತ್ತದೆ.

ಸ್ವಲ್ಪ ದೂರ ಹೋದ ಮೇಲೆ ಹೇಳಿದರು, “ಸರಿ ಮಾಡ್ದೆ. ನಾನೂ ಯಾವ ಕ್ಲೀನರ್ ಮಾತೂ ನಂಬ್ತಿರ್ಲಿಲ್ಲ. ಡ್ರೈವರ್ ಆದವ್ರು ತಾವೇ ನೋಡ್ಬೇಕು.” ನಗುತ್ತಲೇ ಹೇಳಿದರು. ಆಮೇಲೆ ಬಂದ ತಿರುವುಗಳಲ್ಲಿ ಏನೂ ಹೇಳಲಿಲ್ಲ. ಕೈ ಮಡಿಚಿ ಮುಂದೆ ನೋಡುತ್ತ ಕೂತರು. ಮನೆಗೆ ಬಂದು ಮಲಗಿದ್ದಾರೆ, ಊಟ ಬೇಡವಂತೆ.

ನಾಳೆ ಆ ತಿರುವಿನಲ್ಲಿ ನಾನಾಗಿ ಕೇಳಬೇಕು. ಎಡಗಡೆ ಹೇಗಿದೆ ನೋಡ್ರೀ ಅಂತ. ಅವರು ತಿರುಗಿ ನೋಡುತ್ತಾರೆ, ಹೇಳುತ್ತಾರೆ. ಹೇಳಿದ ಮೇಲೆ ನಾನು ನೋಡದೆ ಎತ್ತಬೇಕು. ಎಡಬದಿಯಲ್ಲಿ ಸೈಕಲ್ಲೋ ಮಗುವೋ ಇದ್ದರೆ —